ಚಿಲಕವಿಲ್ಲದ ಕೋಣೆ: ಕಾಶಿಯಲ್ಲಿ ನಮ್ಮ ಮೊದಲ ರಾತ್ರಿ

ಹೋದ ಜನವರಿಯಲ್ಲಿ ಅವ್ವನನ್ನು ಕಾಶಿಗೆ ಕರೆದುಕೊಂಡು ಹೋಗಿದ್ದೆ. ಅವಳಿಗೆ ಅರವತ್ತೆಂಟು, ಮಂಡಿನೋವು ಬೇರೆ. ವಿಶ್ವನಾಥನ ಗುಡಿಗೆ ಹತ್ತಿರ ಇರಲಿ ಅಂತ ಆಪ್‌ನಲ್ಲಿ ಒಂದು ಮನೆ ಬುಕ್ ಮಾಡಿದೆ. ಎರಡು ರಾತ್ರಿಗೆ 3,600 ರೂಪಾಯಿ. ಫೋಟೋದಲ್ಲಿ ಕಿಟಕಿಯಾಚೆ ಗಂಗೆ ಕಾಣುತ್ತಿತ್ತು. ಹಾಸಿಗೆ ಮೇಲೆ ಕೂತೇ ಗಂಗವ್ವನ್ನ ನೋಡಬಹುದಂತೆ ಅಂತ ಅವ್ವ ಓಣಿಗೆಲ್ಲ ಹೇಳಿ ಬಂದಿದ್ದಳು.

ದಾವಣಗೆರೆಯಿಂದ ಬೆಂಗಳೂರಿಗೆ ಬಂದು ಸಂಘಮಿತ್ರ ಎಕ್ಸ್‌ಪ್ರೆಸ್ ಹತ್ತಿದೆವು. ಆ ರೈಲಿನಲ್ಲಿ ಕಾಶಿಗೆ ಹೋಗುವವರು ಮುಘಲ್‌ಸರಾಯ್‌ನಲ್ಲಿ ಇಳಿಯಬೇಕು. 2018ರಿಂದ ಅದರ ಹೆಸರು ದೀನದಯಾಳ್ ಉಪಾಧ್ಯಾಯ ಜಂಕ್ಷನ್. ಜನವರಿಯಲ್ಲಿ ಆ ಕಡೆ ಮಂಜು ಜಾಸ್ತಿ, ರೈಲು ಗಂಟೆಗಟ್ಟಲೆ ತಡವಾಯಿತು. ಆಟೋದಲ್ಲಿ ಮಾಳವೀಯ ಸೇತುವೆ ಮೇಲೆ ಗಂಗೆ ದಾಟುವಾಗ ಕತ್ತಲಾಗಿತ್ತು. ನನ್ನ ಮೊದಲ ತಪ್ಪು ಇದೇ. ಚಳಿಗಾಲದ ರೈಲನ್ನು ನಂಬಿ ಗಲ್ಲಿಯೊಳಗಿನ ಮನೆ ಹಿಡಿಯಬಾರದಿತ್ತು.

ಹಳೇ ಕಾಶಿಯ ಗಲ್ಲಿಗಳಿಗೆ ಆಟೋ ಬರುವುದಿಲ್ಲ. ಕೆಲವು ಕಡೆ ಎದುರಿಗೆ ಒಂದು ಹಸು ಬಂದರೂ ಗೋಡೆಗೆ ಒತ್ತಿ ನಿಲ್ಲಬೇಕು. ಮ್ಯಾಪ್ ತೋರಿಸಿದ ಕಡೆ ಮನೆಯೇ ಇರಲಿಲ್ಲ. ಫೋನ್ ಮಾಡಿದಾಗ ಒಬ್ಬ ಹುಡುಗ ಬಂದು, ಏಳೆಂಟು ತಿರುವು ತಿರುಗಿಸಿ, ಕಡಿದಾದ ಮೆಟ್ಟಿಲು ಹತ್ತಿಸಿ ಮೂರನೇ ಮಹಡಿಗೆ ಕರೆದೊಯ್ದ. ಕಿಟಕಿ ತೆಗೆದರೆ ಕೈಗೆಟುಕುವಷ್ಟು ಹತ್ತಿರ ಪಕ್ಕದ ಮನೆಯ ಗೋಡೆ.

ಗಂಗೆ ಕಾಣದಿದ್ದರೆ ಪರವಾಗಿಲ್ಲ, ಬೆಳಿಗ್ಗೆ ಘಾಟಿಗೇ ಹೋಗುತ್ತೇವಲ್ಲ ಅಂದುಕೊಂಡೆ. ಆದರೆ ಬಾಗಿಲಿಗೆ ಒಳಗಿನಿಂದ ಚಿಲಕವೇ ಇರಲಿಲ್ಲ. ಚಿಲಕವಿದ್ದ ಜಾಗದಲ್ಲಿ ನಾಲ್ಕು ತೂತು. ಕಪಾಟಿನ ಹಿಂದೆ ಇನ್ನೊಂದು ಬಾಗಿಲು, ಅದರಾಚೆ ಗಂಡಸರ ಮಾತು, ಸಿಗರೇಟಿನ ವಾಸನೆ. ಹುಡುಗನ ಹತ್ತಿರ ಇನ್ನೊಂದು ಕೀ ಇತ್ತು. ಬಾಗಿಲು ಬಡಿಯದೆ ಎರಡು ಸಲ ಒಳಗೆ ಬಂದ. ಮೊದಲು ನೀರಿನ ಬಾಟಲಿ ಕೊಡಲು. ಎರಡನೇ ಸಲ, ಆಪ್‌ನಲ್ಲಿ ಬುಕಿಂಗ್ ಕ್ಯಾನ್ಸಲ್ ಮಾಡಿ ದುಡ್ಡು ಕೈಗೆ ಕೊಡಿ, ಆಧಾರ್ ಕಾರ್ಡ್ ಬೆಳಗಿನ ತನಕ ನನ್ನ ಹತ್ತಿರ ಇರಲಿ ಅನ್ನಲು.

ಕಾರ್ಡ್ ಕೊಡಲಿಲ್ಲ. ಮಾಸ್ಕ್ಡ್ ಆಧಾರ್‌ನ ಜೆರಾಕ್ಸ್ ಕೊಟ್ಟೆ, ಅದರಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತವೆ. ಹಿಂದಿ ಸರಿಯಾಗಿ ಬರುವುದಿಲ್ಲ, ನೀವು ಹೇಳಿದ್ದನ್ನು ವಾಟ್ಸಾಪ್‌ನಲ್ಲಿ ಬರೆದು ಕಳಿಸಿ, ತಮ್ಮನ ಹತ್ತಿರ ಓದಿಸುತ್ತೇನೆ ಅಂದೆ. ಅವನು ಕ್ಯಾನ್ಸಲ್ ಮಾಡಿ ಕ್ಯಾಶ್ ಕೊಡಿ ಅಂತ ಬರೆದೇ ಬಿಟ್ಟ. ಆ ಒಂದು ಮೆಸೇಜ್ ಆಮೇಲೆ ತುಂಬಾ ಕೆಲಸಕ್ಕೆ ಬಂತು.

ಅವನು ಹೋದ ಮೇಲೆ ಒಂದು ಗಂಟೆ ಸುಮ್ನೆ ಕಳೆದೆ. ಬಾಗಿಲಿಗೆ ಕುರ್ಚಿ, ಕುರ್ಚಿ ಮೇಲೆ ಸೂಟ್‌ಕೇಸ್. ಅವನು ಏನೂ ಮಾಡಿಲ್ಲವಲ್ಲ, ಸುಮ್ನೆ ಅನುಮಾನ ಪಡ್ತಿದ್ದೀನಾ, ಕಟ್ಟಿದ ದುಡ್ಡು ಹೋಗುತ್ತಲ್ಲ ಅಂತ ನನ್ನಲ್ಲೇ ವಾದ. ಅವ್ವ ಅಷ್ಟೂ ಹೊತ್ತು ಚಪ್ಪಲಿ ಬಿಚ್ಚಿರಲಿಲ್ಲ, ಶಾಲು ಹೊದ್ದು ಮಂಚದ ತುದಿಯಲ್ಲೇ ಕೂತಿದ್ದಳು. ಕೊನೆಗೆ ಅಂದಳು: "ಇಲ್ಲಿ ಬ್ಯಾಡವ್ವ, ನಡಿ ಹೋಗೋಣ. ನಂಗೆ ನಿದ್ದಿ ಬರಲ್ಲ."

ನಿದ್ದೆ ಬರಲ್ಲ ಅನ್ನೋದೇ ಸಾಕಿತ್ತು, ಅಲ್ವಾ? ಏನಾದರೂ ಆಗಲಿ, ಆಮೇಲೆ ಹೊರಡೋಣ ಅಂತ ಕಾಯುವುದರಲ್ಲಿ ಏನರ್ಥ? ಆ ಒಂದು ಗಂಟೆಗೆ ನನಗೆ ಇವತ್ತಿಗೂ ಬೇಜಾರಿದೆ.

ಹೊರಡುವ ಮೊದಲು ಫೋನಿನಲ್ಲಿ ವಿಡಿಯೋ ಮಾಡಿದೆ. ಚಿಲಕವಿಲ್ಲದ ಬಾಗಿಲು, ಕಪಾಟಿನ ಹಿಂದಿನ ಬಾಗಿಲು, ಕಿಟಕಿಯಾಚೆಯ ಗೋಡೆ. ಅದನ್ನೂ ಆ ವಾಟ್ಸಾಪ್ ಮೆಸೇಜನ್ನೂ ಆಪ್‌ನ ಒಳಗಿನ ಚಾಟ್‌ನಲ್ಲೇ ಹಾಕಿ, ಇಲ್ಲಿ ಉಳಿಯಲು ಭಯವಾಗುತ್ತಿದೆ, ಹೊರಡುತ್ತಿದ್ದೇವೆ ಅಂತ ಬರೆದೆ. ಕ್ಯಾನ್ಸಲ್ ಬಟನ್ ಮಾತ್ರ ನಾನು ಒತ್ತಲಿಲ್ಲ. ನಾವಾಗಿಯೇ ಕ್ಯಾನ್ಸಲ್ ಮಾಡಿದರೆ ಅದು ನಮ್ಮ ಇಷ್ಟದ ಕ್ಯಾನ್ಸಲ್ ಅಂತಲೇ ಲೆಕ್ಕ, ದುಡ್ಡು ಕೇಳೋದು ಕಷ್ಟವಾಗುತ್ತದೆ. ತಮ್ಮನಿಗೆ ಲೈವ್ ಲೊಕೇಶನ್ ಕಳಿಸಿದೆ. ಕೆಳಗೆ ಆ ಹುಡುಗ ಕೇಳಿದಾಗ, ನಮ್ಮ ಭಾವ ಗೇಟ್ ನಂಬರ್ ನಾಲ್ಕರ ಹತ್ತಿರ ಕಾಯ್ತಿದ್ದಾರೆ ಅಂದೆ. ಭಾವ ಯಾರೂ ಇರಲಿಲ್ಲ, ಆದರೆ ವಿಶ್ವನಾಥ ಗುಡಿಯ ಆ ಗೇಟಿನ ಹತ್ತಿರ ಪೊಲೀಸರು ಯಾವಾಗಲೂ ಇರುತ್ತಾರೆ.

ಗಲ್ಲಿಯಲ್ಲಿ ಮ್ಯಾಪ್ ನೋಡುತ್ತಾ ನಿಲ್ಲಲಿಲ್ಲ. ಅಂಗಡಿ ದೀಪ, ಜನರ ಸದ್ದು ಇದ್ದ ಕಡೆಗೇ ನಡೆದೆವು. ತುರ್ತು ಸಹಾಯದ ನಂಬರ್ 112 ಒತ್ತಿ ಇಟ್ಟುಕೊಂಡಿದ್ದೆ, ಡಯಲ್ ಮಾಡುವ ಸಂದರ್ಭ ಬರಲಿಲ್ಲ. ಗೇಟಿನ ಹತ್ತಿರ ಒಬ್ಬ ಮಹಿಳಾ ಪೊಲೀಸ್ ನಮ್ಮ ಮಾತು ಅರ್ಧ ಕೇಳಿ, ಅವ್ವನನ್ನು ಕೂರಿಸಿ ನೀರು ಕೊಟ್ಟರು. ಅವ್ವನ ಕೈ ನಡುಗುತ್ತಿತ್ತು. ನನಗೆ ಅಳು ಬಂದದ್ದು ಆಗಲೇ.

ಅಷ್ಟರಲ್ಲಿ ನನ್ನ ತಮ್ಮ, ಊರಿನ ಒಬ್ಬರಿಗೆ ಫೋನ್ ಮಾಡಿ ಕೇಳಿ, ಜಂಗಮವಾಡಿ ಮಠಕ್ಕೆ ಹೋಗಿ ಅಂದ. ವೀರಶೈವರ ಪಂಚಪೀಠಗಳಲ್ಲಿ ಒಂದಾದ ಕಾಶಿ ಪೀಠ ಅದು. ಗೋದೌಲಿಯಾ ಚೌಕದ ಹತ್ತಿರವೇ ಇದೆ, ಭಕ್ತರಿಗೆ ಉಳಿಯಲು ಕೋಣೆಗಳಿವೆ. ನಮಗೆ ಮೊದಲೇ ಗೊತ್ತಿದ್ದ ಜಾಗ, ಆದರೂ ಗಂಗೆ ಕಾಣುವ ಕಿಟಕಿಯ ಆಸೆಗೆ ಅದನ್ನು ಬಿಟ್ಟಿದ್ದೆ. ಸೈಕಲ್ ರಿಕ್ಷಾ ಹಿಡಿದು ಹೋದೆವು. ಬಾಗಿಲಲ್ಲಿ ಒಬ್ಬರು "ಯಾವೂರು ಅವ್ವಾರದು?" ಅಂದರು. ಎರಡು ದಿನದ ನಂತರ ಹೊರಗಿನವರ ಬಾಯಲ್ಲಿ ಕೇಳಿದ ಮೊದಲ ಕನ್ನಡ.

ಆಪ್‌ನವರು ಮೊದಲು ದುಡ್ಡು ಕೊಡಲ್ಲ ಅಂದರು. ನಾನು ವಿಡಿಯೋ ಮತ್ತು ಮೆಸೇಜ್ ಮತ್ತೆ ಕಳಿಸಿ, 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ದೂರು ಕೊಡುತ್ತೇನೆ ಅಂತ ಬರೆದೆ. ಹನ್ನೊಂದನೇ ದಿನ, ಅವರ ಸರ್ವೀಸ್ ಚಾರ್ಜ್ ಬಿಟ್ಟು ಉಳಿದದ್ದು ಖಾತೆಗೆ ಬಂತು.

ಈಗ ಬುಕ್ ಮಾಡುವ ಮೊದಲು ಒಂದು, ಎರಡು ಸ್ಟಾರ್ ಕೊಟ್ಟವರು ಬರೆದದ್ದನ್ನೇ ಮೊದಲು ಓದುತ್ತೇನೆ. ಮನೆ ಬಾಡಿಗೆಗೆ ಕೊಡುವವರಿಗೆ ವಿಡಿಯೋ ಕಾಲ್ ಮಾಡಿ ಬಾಗಿಲ ಚಿಲಕವನ್ನು ಒಳಗಿನಿಂದ ಹಾಕಿ ತೋರಿಸಿ ಅನ್ನುತ್ತೇನೆ. ತೋರಿಸಲು ಹಿಂದೆಮುಂದೆ ನೋಡಿದರೆ ಆ ಮನೆ ಬೇಡ. ಹೊಸ ಊರಿಗೆ ರಾತ್ರಿ ತಲುಪುವಂತಿದ್ದರೆ ಮೊದಲ ದಿನ ಸ್ಟೇಷನ್ ಹತ್ತಿರ, ದೊಡ್ಡ ರಸ್ತೆಯಲ್ಲೇ ಉಳಿಯುತ್ತೇವೆ.

ಮಾರನೇ ದಿನ ದಶಾಶ್ವಮೇಧ ಘಾಟಿನಲ್ಲಿ ಮಂಜು ಎಷ್ಟಿತ್ತೆಂದರೆ ಆಚೆ ದಡ ಕಾಣುತ್ತಿರಲಿಲ್ಲ. ಅವ್ವ ಮೆಟ್ಟಿಲ ಮೇಲೆ ಕೂತು ನೀರಿಗೆ ಕಾಲು ಇಳಿಬಿಟ್ಟಳು. ರಾತ್ರಿ ಚೆನ್ನಾಗಿ ನಿದ್ದೆ ಬಂತು ಅಂದಳು.