ಜಮ್ಮಾ ಜಾಗ ಅಡ ಇಡದೆ ಕಾಫಿ ಪುಡಿ ಘಟಕ: ನನ್ನ ಅನುಭವ

ಕೊಡಗಿನಲ್ಲಿ ಕುಟುಂಬಕ್ಕೆಲ್ಲ ಸೇರಿ ತಲೆಮಾರಿನಿಂದ ಬಂದ ಜಾಗಕ್ಕೆ ಜಮ್ಮಾ ಅನ್ನುತ್ತೇವೆ. ಅದರ ಪಹಣಿ ಹಿಡಿದುಕೊಂಡು ಬ್ಯಾಂಕಿಗೆ ಹೋದರೆ ಸಬ್ಸಿಡಿ ಸಾಲ ಸಿಗುವುದಿಲ್ಲ ಅಂತ ಮೂರ್ನಾಡು ಕಡೆ ಎಲ್ಲರೂ ಹೇಳುತ್ತಾರೆ. ನನಗೆ ಸಿಕ್ಕಿದೆ. ಕಾಫಿ ಬೀಜ ಹುರಿಯುವ ರೋಸ್ಟರ್ ಓಡುತ್ತಿದೆ, ಸಬ್ಸಿಡಿಯೂ ಬ್ಯಾಂಕಿಗೆ ಬಂದಿದೆ. ಆಗ ನಕ್ಕವರೇ ಈಗ ಹೇಗೆ ಮಾಡಿದಿರಿ ಅಂತ ಕೇಳುತ್ತಾರೆ.

ಯೋಜನೆ ಪಿಎಂಎಫ್‌ಎಂಇ, ಅಂದರೆ ಸಣ್ಣ ಆಹಾರ ಸಂಸ್ಕರಣಾ ಘಟಕಗಳಿಗೆ ಸಾಲದ ಜೊತೆ ಸಬ್ಸಿಡಿ ಕೊಡುವ ಕೇಂದ್ರದ ಯೋಜನೆ. ನಾನು ಅರ್ಜಿ ಹಾಕಿದಾಗ ಸಬ್ಸಿಡಿ ಕೇಂದ್ರದ್ದು ಶೇ. 35, ನಮ್ಮ ರಾಜ್ಯ ಸೇರಿಸುತ್ತಿದ್ದದ್ದು ಶೇ. 15. ಅದರಲ್ಲಿ ಜಿಲ್ಲೆಗೊಂದು ಉತ್ಪನ್ನ, ಕೊಡಗಿಗೆ ಗೊತ್ತು ಮಾಡಿದ್ದು ಕಾಫಿ.

ಮೊದಲ ಫೈಲು ಬಿದ್ದದ್ದು ಪಹಣಿಯಲ್ಲಿ. ಸಲಹೆಗಾರರೊಬ್ಬರು 22 ಲಕ್ಷದ ಪ್ರಾಜೆಕ್ಟ್ ರಿಪೋರ್ಟ್ ಬರೆದುಕೊಟ್ಟು ಹದಿನೆಂಟು ಸಾವಿರ ತಗೊಂಡರು. ಅಷ್ಟು ದೊಡ್ಡ ಸಾಲ ಅಂದರೆ ಬ್ಯಾಂಕು ಜಾಗ ಕೇಳುತ್ತದೆ. ನಮ್ಮ ಪಹಣಿಯಲ್ಲಿ ಪಟ್ಟೇದಾರ (ಕುಟುಂಬದ ಪರವಾಗಿ ಹೆಸರಿರುವವರು) ಅಂತ ಇರುವುದು ತೀರಿಹೋದ ಅಜ್ಜನ ಹೆಸರು, ಜೊತೆಗೆ ಕುಟುಂಬದವರ ಉದ್ದ ಸಾಲು. ಎಲ್ಲರ ಸಹಿ ತನ್ನಿ ಅಂದರು. ಅದರಲ್ಲಿ ಒಬ್ಬರು ಕೆನಡಾದಲ್ಲಿದ್ದಾರೆ, ಇಬ್ಬರು ನಮ್ಮೊಡನೆ ಮಾತು ಬಿಟ್ಟಿದ್ದಾರೆ. ಫೈಲು ವಾಪಸ್.

ಎರಡನೇ ಸಲ ಲೆಕ್ಕವನ್ನೇ ತಿರುಗಿಸಿದೆ. ಆಗಿನ ನಿಯಮದಂತೆ ಸಾಲ 10 ಲಕ್ಷದ ಒಳಗಿದ್ದರೆ ಸಣ್ಣ ಉದ್ಯಮಕ್ಕೆ ಬ್ಯಾಂಕು ಆಸ್ತಿ ಅಡ ಕೇಳುವ ಹಾಗಿರಲಿಲ್ಲ, ಸಾಲ ಖಾತರಿ ನಿಧಿಯ ರಕ್ಷಣೆ ಇರುತ್ತಿತ್ತು. ಹಾಗಾಗಿ ಪ್ರಾಜೆಕ್ಟನ್ನೇ ಒಂಬತ್ತೂವರೆ ಲಕ್ಷಕ್ಕೆ ಇಳಿಸಿದೆ. ಘಟಕವನ್ನು ನಮ್ಮ ಜಮ್ಮಾ ಬಾಣೆ ಜಾಗದಲ್ಲಿ ಕಟ್ಟದೆ ಪೇಟೆಯಲ್ಲಿ ಬಾಡಿಗೆ ಮಳಿಗೆ ಹಿಡಿದೆ. ಬಾಡಿಗೆ ಕರಾರು ಸಾಲ ತೀರುವವರೆಗೂ ಇರಲಿ, ಹನ್ನೊಂದು ತಿಂಗಳದ್ದು ನಡೆಯುವುದಿಲ್ಲ. ಈ ಸಲ ರಿಪೋರ್ಟ್ ಬರೆದದ್ದು ಇದೇ ಯೋಜನೆಗೆ ನೆರವಾಗಲು ಇರುವ ಜಿಲ್ಲಾ ಸಂಪನ್ಮೂಲ ವ್ಯಕ್ತಿ. ಅವರಿಗೆ ಸರ್ಕಾರವೇ ಹಣ ಕೊಡುತ್ತದೆ, ನಾವು ಕೊಡಬೇಕಿಲ್ಲ. ಮ್ಯಾನೇಜರ್ ತಿರುಗಿ ನೋಡುವುದು ಮಾರಾಟದ ಪುಟವನ್ನು. ಅದರಲ್ಲಿ ನಾನು ಏನು ಲಗತ್ತಿಸಿದೆ ಅಂತ ಕೇಳಬೇಡಿ, ಅದು ನನ್ನ ಹತ್ತಿರವೇ ಇರಲಿ.

ಕೈಯಿಂದ ಹಾಕಿದ್ದು ಶೇ. 10, ಲಕ್ಷದ ಹತ್ತಿರ ಆಯಿತು. ರೋಸ್ಟರ್‌ಗೆ ನಾಲ್ಕೂವರೆ ಲಕ್ಷ. ಉಳಿದದ್ದು ಪುಡಿ ಮಾಡುವ ಪಲ್ವರೈಸರ್, ಸೀಲಿಂಗ್ ಯಂತ್ರ, ತಕ್ಕಡಿ ಅಂತ ಹೋಯಿತು. ತ್ರೀ ಫೇಸ್ ಕರೆಂಟಿಗೆ ಎಪ್ಪತ್ತು ಸಾವಿರದ ಮೇಲೆ ಬಿತ್ತು. ಅದು ಯಾವ ರಿಪೋರ್ಟಿನಲ್ಲೂ ಇರಲಿಲ್ಲ. ಸಬ್ಸಿಡಿ ಕೈಗೆ ಬರುತ್ತದೆ ಅಂತ ಕಾಯುವವರಿಗೆ ಒಂದು ಮಾತು: ಅದು ಮೂರು ವರ್ಷ ಬ್ಯಾಂಕಿನಲ್ಲೇ ಕೂತಿರುತ್ತದೆ. ಅಷ್ಟು ಮೊತ್ತಕ್ಕೆ ಬಡ್ಡಿ ಇಲ್ಲ ಅನ್ನುವುದೇ ಸದ್ಯದ ಲಾಭ.

ನಿಜವಾಗಿ ಕುತ್ತಿಗೆ ಹಿಡಿದದ್ದು ಚೆರಿಯ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣಿನ ರೇಟು. 2024ರ ಏಪ್ರಿಲ್‌ನಲ್ಲಿ ರೊಬಸ್ಟಾ ಚೆರಿ 50 ಕೆಜಿ ಚೀಲಕ್ಕೆ ಹತ್ತು ಸಾವಿರ ದಾಟಿತಲ್ಲ, ನನ್ನ ರಿಪೋರ್ಟಿನಲ್ಲಿ ಇದ್ದದ್ದು ಅದರ ಅರ್ಧ. "ಸುಮ್ನೆ ಚೆರಿ ಮಾರು, ಹುರಿದು ಯಾಕೆ ಹೊಗೆ ಕುಡೀತೀಯ?" ಅಂದರು ದೊಡ್ಡಪ್ಪ. ಅವರ ಲೆಕ್ಕ ತಪ್ಪೇನಲ್ಲ. ಓಟಿ ಅಂದರೆ ಒಂದು ಚೀಲ ಚೆರಿಯಿಂದ ಸಿಗುವ ಬೀಜದ ತೂಕ; 26 ಓಟಿ ಬಂದರೆ ಚೀಲಕ್ಕೆ 26 ಕೆಜಿ ಬೀಜ, ಹುರಿದ ಮೇಲೆ 22 ಉಳಿದರೆ ದೊಡ್ಡದು. ಅಲ್ಲಿಗೆ ಕೆಜಿ ಪುಡಿಗೆ ಬೀಜದ್ದೇ ನಾಲ್ಕುನೂರೈವತ್ತು. ಚಿಕೋರಿ ಹಾಕದ ಪುಡಿಯನ್ನು ಏಳುನೂರಕ್ಕೆ ಮಾರಿದರೆ ಮಾತ್ರ ಗ್ಯಾಸು, ಕೂಲಿ, ಕಂತು ಎಲ್ಲ ಕಳೆದು ಏನಾದರೂ ಉಳಿಯುತ್ತಿತ್ತು. ಆ ಬೆಲೆಗೆ ಅಂಗಡಿಯವರು ತಗೊಳ್ಳಲಿಲ್ಲ, ಹೋಂಸ್ಟೇಗಳು ತಗೊಂಡವು. ಈಗ ತಿಂಗಳಿಗೆ ಹೆಚ್ಚು ಕಡಿಮೆ ಎರಡು ಕ್ವಿಂಟಾಲ್ ಹೋಗುತ್ತದೆ. ದೊಡ್ಡಪ್ಪನೇ ಈಗ ನೆಂಟರಿಗೆ ಪ್ಯಾಕೆಟ್ ಕಟ್ಟಿಸಿಕೊಂಡು ಹೋಗುತ್ತಾರೆ!

ಜುಲೈ ಮಳೆಯಲ್ಲಿ ಪುಡಿ ಗಂಟು ಕಟ್ಟುತ್ತದೆ. ಬೀಸಿದ ದಿನವೇ ಸೀಲ್ ಮಾಡಲೇಬೇಕು. ಅರೇಬಿಕಾ ಎಷ್ಟು, ಯಾವ ತೋಟದ್ದು ಬೆರೆಸುತ್ತೇನೆ ಅನ್ನುವುದನ್ನು ಹೇಳುವುದಿಲ್ಲ.

ಅದೇ ಮಳೆಯಲ್ಲಿ ಕೆಲಸ ಕಡಿಮೆ ಅಂತ ಅಡುಗೆಗೆ ಹುಳಿಯಾಗಿ ಹಾಕುವ ಕಾಚಂಪುಳಿಗೂ ಕೈ ಹಾಕಿದೆ. ಪಣಪುಳಿ ಹಣ್ಣಿನ ರಸ ಕಪ್ಪಾಗುವವರೆಗೆ ಕುದಿಸುವಷ್ಟರಲ್ಲಿ ಸೌದೆ ರಾಶಿಯೇ ಖಾಲಿ. ಕಾಫಿ ಹೊಟ್ಟನ್ನು ಒಲೆಗೆ ಹಾಕಿ ನೋಡಿದೆ. ಉರಿ ನಿಲ್ಲುವುದಿಲ್ಲ, ಹೊಗೆ ಜಾಸ್ತಿ, ರಸಕ್ಕೂ ವಾಸನೆ ಹಿಡಿಯಿತು. ಆ ಬ್ಯಾಚು ಮನೆಯ ಪಂದಿ ಕರಿಗೇ (ಹಂದಿ ಮಾಂಸದ ಸಾರಿಗೇ) ಆಯಿತು. ಮುಂದಿನ ಮಳೆಗೆ ಗ್ಯಾಸ್ ಒಲೆ, ಅಗಲ ಬಾಯಿಯ ಸ್ಟೀಲ್ ಪಾತ್ರೆ. ಅದಕ್ಕೆ ಯಾವ ಸಬ್ಸಿಡಿಗೂ ಅರ್ಜಿ ಹಾಕುವುದಿಲ್ಲ, ಪುಡಿ ಮಾರಿದ ದುಡ್ಡು ಸಾಕು.