ಹೊಸಬರಿಗೆ ಮೊದಲು ಸೊಲ್ಲು, ಆಮೇಲೆ ಹಾಡು

ನಮ್ಮ ಜಾನಪದ ಹಾಡಿನ ಕೂಟಕ್ಕೆ ತಿಂಗಳಿಗೊಮ್ಮೆ 20-25 ಜನ ಸೇರುತ್ತೇವೆ. ನಡೆಸಿಕೊಂಡು ಹೋಗುವ ಕೆಲಸ ನನ್ನದು. ಮೊದಲ ವರ್ಷ ಹೊಸ ಮುಖ ಕಂಡ ಕೂಡಲೇ "ಬನ್ನಿ, ಒಂದು ಹಾಡಿ" ಅಂತ ಕರೆದು ಮೈಕ್ ಮುಂದೆ ನಿಲ್ಲಿಸುತ್ತಿದ್ದೆ. ಅದೇ ಆದರ ಅಂದುಕೊಂಡಿದ್ದೆ.

ಒಮ್ಮೆ ಹಾಗೆ ಕರೆದಾಗ ಒಬ್ಬ ಹೆಂಗಸು ಎದ್ದು ಬಂದರು. ಅಜ್ಜಿಯಿಂದ ಕಲಿತ ಹಾಡು ಅಂದರು. ಹಾರ್ಮೋನಿಯಂ ನಮ್ಮ ಗಂಡಸರ ಶ್ರುತಿಯಲ್ಲೇ ಇತ್ತು. ಮೊದಲ ಸಾಲು ಅವರಿಗೆ ತೀರಾ ಕೆಳಗಾಯಿತು, ದನಿ ಕೇಳಲೇ ಇಲ್ಲ. ಎರಡನೇ ಸಾಲಿಗೆ ಮೇಲಿನ ಸ್ಥಾಯಿ ಹಿಡಿದರು, ಅಲ್ಲಿ ಗಂಟಲು ಕಟ್ಟಿತು. "ನಂಗೆ ಹಾಡೋಕೆ ಬರಲ್ಲ, ಬಿಡಿ ಸರ್" ಎಂದು ಹೋಗಿ ಕೂತರು. ಮತ್ತೆ ಬರಲಿಲ್ಲ. ಅವರಿಗೆ ಹಾಡು ಚೆನ್ನಾಗಿಯೇ ಬರುತ್ತಿತ್ತು. ತಪ್ಪಿದ್ದು ನಾನು ಕೊಟ್ಟ ಶ್ರುತಿ.

ಈಗ ಹಾರ್ಮೋನಿಯಂ ಕಾಯುತ್ತದೆ. ಸಾಮಾನ್ಯವಾಗಿ ಗಂಡಸರಿಗೆ ಬಿಳಿ 1ರ (ಸ್ಥಾಯಿಯ ಮೊದಲ ಬಿಳಿ ಕೀ) ಆಸುಪಾಸು, ಹೆಂಗಸರಿಗೆ ಬಿಳಿ 5ರ (ಐದನೇ ಬಿಳಿ ಕೀ) ಆಸುಪಾಸು ಹೊಂದುತ್ತದೆ. ಆದರೂ ಆ ಲೆಕ್ಕ ನಂಬಿ ಕೂರುವುದಿಲ್ಲ. ಹಾಡುವವರನ್ನು ಪಕ್ಕಕ್ಕೆ ಕರೆದು, ಹಾಡಿನಲ್ಲಿ ಎಲ್ಲಕ್ಕಿಂತ ಎತ್ತರದ ಸಾಲನ್ನು ಮೊದಲು ಮೆಲ್ಲಗೆ ಹೇಳಿಸುತ್ತೇನೆ. ಅಲ್ಲಿ ದನಿ ಎಳೆದಾಡದಿದ್ದರೆ ಶ್ರುತಿ ಸರಿ ಇದೆ ಅಂತ. ಜನಪದ ಧಾಟಿಗಳು ಹೆಚ್ಚಾಗಿ ಒಂದು ಸ್ಥಾಯಿಯೊಳಗೇ ಓಡಾಡುವುದರಿಂದ ಯಾರ ದನಿಗಾದರೂ ಜಾಗ ಸಿಗುತ್ತದೆ. ಶ್ರುತಿ ಕೇಳಿದರೇ ಗಾಬರಿಯಾಗುವವರೂ ಇದ್ದಾರೆ. ಅಂಥವರು ತಮ್ಮ ಪಾಡಿಗೆ ಎತ್ತಿಕೊಳ್ಳಲಿ, ವಾದ್ಯದವರು ಹುಡುಕಿಕೊಂಡು ಹೋಗಿ ಸೇರಲಿ. ನಮ್ಮ ಹಾರ್ಮೋನಿಯಂನವರನ್ನು ಇದಕ್ಕೆ ಒಪ್ಪಿಸಲು ನನಗೆ ತಿಂಗಳುಗಳೇ ಹಿಡಿದವು.

ಮೈಕ್ ತೆಗೆದುಬಿಟ್ಟೆವು. ಇಷ್ಟು ಜನಕ್ಕೆ ಅದು ಬೇಕಾಗಿಯೇ ಇರಲಿಲ್ಲ. ಎಲ್ಲರೂ ದುಂಡಗೆ ಕೂರುತ್ತೇವೆ. ಹೊಸಬರನ್ನು ಗಟ್ಟಿ ದನಿಯವರ ಪಕ್ಕದಲ್ಲಿ ಕೂರಿಸುತ್ತೇನೆ, ಎದುರಿಗೆ ಅಲ್ಲ. ಪಕ್ಕದಲ್ಲಿದ್ದರೆ ಆ ದನಿಯ ಆಸರೆ ಸಿಗುತ್ತದೆ, ಎದುರಿಗಿದ್ದರೆ ಪರೀಕ್ಷೆಗೆ ಕೂತ ಹಾಗೆ. ಜೋರು ಬಡಿತದ ತಮಟೆ ಕೊನೆಗೆ ಬರುತ್ತದೆ. ಸುತ್ತ ಸದ್ದು ಜಾಸ್ತಿಯಾದರೆ ಯಾರೇ ಆದರೂ ತಮಗೆ ಗೊತ್ತಿಲ್ಲದೆಯೇ ದನಿ ಏರಿಸುತ್ತಾರೆ, ಅಭ್ಯಾಸವಿಲ್ಲದ ಗಂಟಲು ಎರಡೇ ನುಡಿಗೆ (ಚರಣಕ್ಕೆ) ಸೋಲುತ್ತದೆ.

ಇಷ್ಟೆಲ್ಲ ಮಾಡಿದರೂ ನನಗೆ ಹೆಚ್ಚು ನೆರವಾಗಿದ್ದು ಸೊಲ್ಲು, ಅಂದರೆ ಹಾಡಿನಲ್ಲಿ ಮತ್ತೆ ಮತ್ತೆ ಎಲ್ಲರೂ ಸೇರಿ ಹೇಳುವ ಪಲ್ಲವಿ. ಮುಂದೆ ಹೇಳುವವರು ಒಂದು ಸಾಲು ಹೇಳುತ್ತಾರೆ, ಹಿಮ್ಮೇಳದವರು ಸೊಲ್ಲು ಹಿಡಿಯುತ್ತಾರೆ. ಹೊಸದಾಗಿ ಬಂದವರು ಅಲ್ಲಿ ಸೇರಿಕೊಂಡರೆ ಸಾಕು. ಅದೂ ಹಾಡಿದ ಹಾಗೆಯೇ, ಅಲ್ವಾ? ಅದಕ್ಕೇ ಮೊದಲ ಮೂರು ಹಾಡು ಚಿಕ್ಕ ಸೊಲ್ಲಿನವೇ ಇರುವಂತೆ ನೋಡಿಕೊಳ್ಳುತ್ತೇನೆ. "ನೀವೂ ಒಂದು ಹೇಳಿ" ಅಂತ ಯಾರನ್ನೂ ಕೇಳುವುದಿಲ್ಲ. "ಯಾರಾದರೂ ಎತ್ತಿಕೊಳ್ತೀರಾ?" ಎಂದು ಎಲ್ಲರಿಗೂ ಕೇಳಿ ಸುಮ್ನೆ ಕಾಯುತ್ತೇನೆ. ಆ ಮೌನವನ್ನು ತುಂಬಲು ಹೋಗಬಾರದು.

ತಿದ್ದುವುದನ್ನೂ ಬಿಟ್ಟೆವು. ಹಿಂದೆ ಯಾರಾದರೂ ಹಾಡುತ್ತಿದ್ದಾಗಲೇ "ಅದು ಹಾಗಲ್ಲ, ಹೀಗೆ" ಅನ್ನುವವರಿದ್ದರು. ಬಾಯಿಂದ ಬಾಯಿಗೆ ಬಂದ ಹಾಡಿಗೆ ಒಂದೇ ಪಾಠ ಎಲ್ಲಿಂದ ಬರಬೇಕು? ಈಗ ಹಾಡು ಮುಗಿದ ಮೇಲೆ "ಇದನ್ನು ಯಾರಿಂದ ಕಲಿತಿರಿ?" ಎಂದು ಕೇಳುತ್ತೇವೆ. ಆಗ ಮಾತು ತಾನಾಗಿಯೇ ಬಿಚ್ಚಿಕೊಳ್ಳುತ್ತದೆ.

ಒಬ್ಬ ಹಿರಿಯರು ಐದು ತಿಂಗಳು ಬರೀ ಸೊಲ್ಲು ಹೇಳುತ್ತಾ ಕೂತಿದ್ದರು. ಆರನೇ ತಿಂಗಳು, ನಾವೆಲ್ಲ ಹಾಡುವ ಹಾಡನ್ನೇ ಎತ್ತಿಕೊಂಡರು. ಮೂರನೇ ನುಡಿಗೆ ಮರೆತುಹೋಯಿತು. ಯಾರೂ ಸಾಲು ಹೇಳಿಕೊಡಲಿಲ್ಲ, ಹಿಮ್ಮೇಳದವರು ಸೊಲ್ಲನ್ನು ಮತ್ತೆ ಮತ್ತೆ ತಿರುಗಿಸಿದರು. ನಾಲ್ಕನೇ ಸುತ್ತಿಗೆ ಅವರಿಗೆ ನೆನಪಾಯಿತು. ಆಮೇಲೆ ಬಂದದ್ದು ನಮಗ್ಯಾರಿಗೂ ಗೊತ್ತಿಲ್ಲದ ನುಡಿ. ಅವರನ್ನು ಕೇಳಿ ಬರೆದುಕೊಂಡೆ. ಈಗ ಆ ಹಾಡು ಬಂದಾಗಲೆಲ್ಲ ಆ ನುಡಿಗೆ ನಾವು ನಿಲ್ಲುತ್ತೇವೆ, ಅವರು ಎತ್ತಿಕೊಡುತ್ತಾರೆ.