ಬಿವಿಐ ಹಾಯಿದೋಣಿ ಪ್ರವಾಸ: ಕೊನೆಯ ದಿನ ಗಡಿಬಿಡಿ ಆಗದಂತೆ ಮುಗಿಸುವುದು ಹೇಗೆ

ಗೆಳೆಯರೆಲ್ಲ ಸೇರಿ ಕೆರಿಬಿಯನ್ ಸಮುದ್ರದ ಬ್ರಿಟಿಷ್ ವರ್ಜಿನ್ ಐಲ್ಯಾಂಡ್ಸ್‌ನಲ್ಲಿ (ಬಿವಿಐ) ಒಂದು ವಾರಕ್ಕೆ ಕ್ಯಾಟಮರಾನ್, ಅಂದರೆ ಎರಡು ಒಡಲಿನ ಹಾಯಿದೋಣಿ, ಬಾಡಿಗೆಗೆ ತೆಗೆದುಕೊಂಡಿದ್ದೀರಿ ಅಂತಿಟ್ಟುಕೊಳ್ಳಿ. ಕೊನೆಯ ದಿನ ಅಂದರೆ ಅರ್ಧ ದಿನ ಅಷ್ಟೇ. ಸಾಮಾನ್ಯವಾಗಿ ಮಧ್ಯಾಹ್ನ 12ರ ಒಳಗೆ, ಕೆಲವು ಕಂಪನಿಗಳಲ್ಲಿ ಅದಕ್ಕೂ ಮುಂಚೆ, ದೋಣಿ ಬೇಸ್‌ಗೆ, ಅಂದರೆ ಬಾಡಿಗೆ ಕಂಪನಿಯ ದಕ್ಕೆಗೆ, ವಾಪಸ್ ಬಂದಿರಬೇಕು. ಅದನ್ನೇ ತೊಳೆದು, ರಿಪೇರಿ ನೋಡಿ, ಮುಂದಿನವರಿಗೆ ಕೊಡುವುದಿರುತ್ತದೆ. ಆದ್ದರಿಂದ ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿಕೊಂಡು ಬನ್ನಿ. ಡೀಸೆಲ್ ತುಂಬಿಸಲು ಕ್ಯೂ ಇರುತ್ತದೆ, ಎಲ್ಲ ದೋಣಿಗಳೂ ಅದೇ ಹೊತ್ತಿಗೆ ಬರುತ್ತವೆ, ಅದಕ್ಕೊಂದು ಗಂಟೆ ಬೇಕು. ಪ್ಯಾಕಿಂಗ್‌ಗೆ ಇನ್ನೊಂದು ಗಂಟೆ.

ನಿಜವಾದ ತೀರ್ಮಾನ ಹಿಂದಿನ ರಾತ್ರಿ ಎಲ್ಲಿ ನಿಲ್ಲುತ್ತೀರಿ ಅನ್ನುವುದು. ಇಲ್ಲಿ ವರ್ಷದ ಹೆಚ್ಚಿನ ಕಾಲ ಗಾಳಿ ಪೂರ್ವದಿಂದ ಬೀಸುತ್ತದೆ. ಬೇಸ್ ಮುಖ್ಯ ದ್ವೀಪ ಟೊರ್ಟೊಲಾದ ರೋಡ್ ಟೌನ್‌ನಲ್ಲಿದ್ದರೆ, ಕೊನೆಯ ರಾತ್ರಿ ಸರ್ ಫ್ರಾನ್ಸಿಸ್ ಡ್ರೇಕ್ ಚಾನೆಲ್‌ನ ಆಚೆ ಬದಿಯ ಕೂಪರ್, ಪೀಟರ್ ಅಥವಾ ನಾರ್ಮನ್ ದ್ವೀಪದಲ್ಲಿ ನಿಲ್ಲಿ. ಮೂರರಿಂದಲೂ ರೋಡ್ ಟೌನ್ 4ರಿಂದ 6 ನಾಟಿಕಲ್ ಮೈಲಿ ದೂರ, ಗಾಳಿಯೂ ಪಕ್ಕದಿಂದಲೋ ಹಿಂದಿನಿಂದಲೋ ಸಿಗುತ್ತದೆ, ಆರಾಮಾಗಿ ಒಂದು ಗಂಟೆ ಸ್ವಲ್ಪ ಹೆಚ್ಚು. ಯೋಸ್ಟ್ ವ್ಯಾನ್ ಡೈಕ್ ದ್ವೀಪದಲ್ಲಿ ಪಾರ್ಟಿ ಮಾಡಿ ಕೊನೆಯ ಬೆಳಿಗ್ಗೆ ಅಲ್ಲಿಂದ ಹೊರಡೋಣ ಅಂತ ಯಾರಾದರೂ ಒಬ್ಬರು ಹೇಳೇ ಹೇಳುತ್ತಾರೆ. ಬೇಡ ಅನ್ನಿ. ಅದು ಟೊರ್ಟೊಲಾದ ಪಶ್ಚಿಮ ತುದಿಯಿಂದಾಚೆ ಇದೆ, ವಾಪಸ್ ಬರುವಾಗ ಗಾಳಿಗೆ ಎದುರಾಗಿ ಬಡಿದುಕೊಂಡು ಬರಬೇಕು, ರಾತ್ರಿ ರಮ್ ಜಾಸ್ತಿ ಆದವರ ಕಥೆ ಕೇಳುವುದೇ ಬೇಡ. ಅಲ್ಲಿಗೆ ವಾರದ ಮಧ್ಯದಲ್ಲಿ ಹೋಗಿ ಬನ್ನಿ.

ಹಿಂದಿನ ಸಂಜೆ, ಊಟಕ್ಕೆ ಮುಂಚೆ, ದುಡ್ಡಿನ ಲೆಕ್ಕ ಮುಗಿಸಿಬಿಡಿ. ಇದನ್ನು ದಯವಿಟ್ಟು ಮುಂದೂಡಬೇಡಿ. ದಡಕ್ಕೆ ಕಾಲಿಟ್ಟ ಮೇಲೆ ಒಬ್ಬರು ಟ್ಯಾಕ್ಸಿ ಹುಡುಕುತ್ತಿರುತ್ತಾರೆ, ಇನ್ನೊಬ್ಬರು ವೈಫೈ, ಮತ್ತೊಬ್ಬರು ಆಗಲೇ ಆಫೀಸ್ ಮೇಲ್ ನೋಡುತ್ತಾ ಮುಖ ಗಂಟು ಹಾಕಿಕೊಂಡಿರುತ್ತಾರೆ. ಮೂರಿಂಗ್ ಬಾಲ್ (ದೋಣಿ ಕಟ್ಟುವ ತೇಲುಗುಂಡು) ಬಾಡಿಗೆ, ದಿನಸಿ, ಐಸ್, ಡೀಸೆಲ್ ಅಂದಾಜು, ಹೊರಗಿನ ಊಟ ಎಲ್ಲ ಖರ್ಚು ಹಂಚುವ ಸ್ಪ್ಲಿಟ್‌ವೈಸ್ ಆ್ಯಪ್‌ಗೆ ಹಾಕಿ. ಕುಡಿಯದವರ ತಲೆಗೆ ರಮ್ ಖರ್ಚು ಕಟ್ಟಬೇಡಿ, ಅವರು ಬಾಯಿ ಬಿಟ್ಟು ಹೇಳುವುದಿಲ್ಲ, ಆದರೆ ಮನಸ್ಸಲ್ಲಿ ಇಟ್ಟುಕೊಳ್ಳುತ್ತಾರೆ. ಡೆಪಾಸಿಟ್‌ನಲ್ಲಿ ಏನಾದರೂ ಕಡಿತ ಆದರೆ ಯಾರ ಕೈಯಿಂದ ಹಾಳಾಯಿತು ಅಂತ ನೋಡದೆ ಎಲ್ಲರೂ ಸಮನಾಗಿ ಹಂಚಿಕೊಳ್ಳುವುದು ನನ್ನ ಪ್ರಕಾರ ಸರಿ. ಇದನ್ನು ಏನೂ ಹಾಳಾಗುವ ಮುಂಚೆಯೇ ಒಪ್ಪಿಕೊಂಡಿದ್ದರೆ ಇನ್ನೂ ಒಳ್ಳೆಯದು. ದೋಣಿ ನಡೆಸಲು ಸ್ಕಿಪ್ಪರ್ ಇಟ್ಟುಕೊಂಡಿದ್ದರೆ ಅವರ ಟಿಪ್ಸ್ ಕವರಿಗೆ ಹಾಕಿಡಿ. ಅಲ್ಲಿ ನಡೆಯುವುದು ಅಮೆರಿಕನ್ ಡಾಲರ್.

ಅದೇ ಸಂಜೆ ಟ್ಯಾಂಕಿನಲ್ಲಿ ಎಷ್ಟು ಸಿಹಿನೀರಿದೆ ನೋಡಿ. ವಾರವಿಡೀ ಲೋಟದ ಲೆಕ್ಕದಲ್ಲಿ ಉಳಿಸಿದ ನೀರನ್ನು ಬೇಸ್‌ಗೆ ವಾಪಸ್ ಕೊಡುವ ಅಗತ್ಯ ಇಲ್ಲ ಅಲ್ವಾ? ಬೆಳಿಗ್ಗೆ ಮುಖ ತೊಳೆಯಲು, ಪಾತ್ರೆಗೆ ಸ್ವಲ್ಪ ಉಳಿಸಿ, ಎಲ್ಲರೂ ಸರಿಯಾಗಿ ಸ್ನಾನ ಮಾಡಿ. ಈಜುಡುಗೆಗಳನ್ನೂ ಅದರಲ್ಲೇ ಜಾಲಾಡಿಸಿ ಕಂಬಿಗೆ ಕ್ಲಿಪ್ ಹಾಕಿ ಒಣಗಿಸಿ. ಉಪ್ಪುನೀರಿನ ಬಟ್ಟೆ ಪೂರ್ತಿ ಒಣಗುವುದೇ ಇಲ್ಲ, ಹಾಗೇ ಸೂಟ್‌ಕೇಸಿಗೆ ತುರುಕಿದರೆ ಮನೆ ತಲುಪುವಷ್ಟರಲ್ಲಿ ಮುಗ್ಗಲು ವಾಸನೆ.

ಬೆಳಿಗ್ಗೆ ಒಂದು ಕೊನೆಯ ಈಜು ಬೇಕೇ ಬೇಕು ಅನ್ನಿಸುತ್ತದೆ. ನಾರ್ಮನ್‌ನಲ್ಲಿದ್ದರೆ ಪಕ್ಕದಲ್ಲೇ ಇಂಡಿಯನ್ಸ್ ಅನ್ನುವ ನಾಲ್ಕು ಬಂಡೆಗಳಿವೆ. ಅಲ್ಲಿನ ಮೂರಿಂಗ್‌ಗಳು ಹಗಲಿಗೆ ಮಾತ್ರ, ಬೇಗ ತುಂಬುತ್ತವೆ, ಎಂಟಕ್ಕೆ ಮುಂಚೆ ಹೋಗಿ. ಕೂಪರ್‌ನಲ್ಲಿದ್ದರೆ ಪಕ್ಕದ ಸಾಲ್ಟ್ ಐಲ್ಯಾಂಡ್ ಹತ್ತಿರ 1867ರ ಅಕ್ಟೋಬರಿನ ಚಂಡಮಾರುತದಲ್ಲಿ ಮುಳುಗಿದ ಆರ್‌ಎಂಎಸ್ ರೋನ್ ಹಡಗಿದೆ, ನೀರು ತಿಳಿಯಾಗಿದ್ದರೆ ಅದರ ಹಿಂಭಾಗ ಮೇಲಿನಿಂದಲೇ ಕಾಣುತ್ತದೆ. ಸ್ನಾರ್ಕೆಲ್ ಮಾತ್ರ, ಅಂದರೆ ಕೊಳವೆಯಲ್ಲಿ ಉಸಿರಾಡುತ್ತಾ ಮೇಲೆಯೇ ಈಜುವುದು ಮಾತ್ರ, ಮಾಡಿ. ಅವತ್ತೇ ವಿಮಾನ ಇರುವವರು ಗಾಳಿ ಸಿಲಿಂಡರ್ ಹೊತ್ತು ಆಳಕ್ಕಿಳಿಯುವ ಸ್ಕೂಬಾಗೆ ಇಳಿಯಲೇಬಾರದು. ಒಂದೇ ಒಂದು ಡೈವ್ ಮಾಡಿದರೂ ವಿಮಾನ ಹತ್ತಲು ಕನಿಷ್ಠ 12 ಗಂಟೆ ಬಿಡಬೇಕು, ದಿನಾ ಡೈವ್ ಮಾಡಿದ್ದರೆ 18 ಗಂಟೆ. ರಕ್ತದಲ್ಲಿ ಕರಗಿದ ನೈಟ್ರೋಜನ್ ಮೇಲಕ್ಕೆ ಹೋದಾಗ ಗುಳ್ಳೆಯಾಗುತ್ತದೆ, ತಮಾಷೆಯ ಮಾತಲ್ಲ.

ವಾಪಸ್ ಬರುವಾಗ ಚುಕ್ಕಾಣಿಯನ್ನು ವಾರವಿಡೀ ಹಿಡಿಯದವರ ಕೈಗೆ ಕೊಡಿ, ಪಕ್ಕದಲ್ಲಿ ಗೊತ್ತಿರುವವರೊಬ್ಬರು ನಿಂತಿರಲಿ. ಚಾನೆಲ್ ಅಗಲವಿದೆ. ಉಳಿದವರು ಸಾಮಾನು ಎಣಿಸಲಿ. ಬೇಸ್‌ನವರ ಪಟ್ಟಿಯಲ್ಲಿ ಏನೇನಿದೆಯೋ ಅದೆಲ್ಲ ಸಿಗಬೇಕು. ಯಾವಾಗಲೂ ಕಾಣೆಯಾಗುವುದು ಒಂದು ಕಾಲಿನ ಫಿನ್ (ಈಜುವಾಗ ಕಾಲಿಗೆ ಹಾಕುವ ರೆಕ್ಕೆ). ಡಿಂಗಿಯೊಳಗೆ (ದಡಕ್ಕೆ ಹೋಗಿಬರುವ ಪುಟ್ಟ ದೋಣಿ), ಮುಂದಿನ ಲಾಕರ್‌ನಲ್ಲಿ, ಒದ್ದೆ ಟವೆಲ್ ರಾಶಿಯ ಕೆಳಗೆ ನೋಡಿ. ಹಾಯಿ ಎಳೆಯುವ ವಿಂಚ್‌ನ ಹಿಡಿ ನೀರಿಗೆ ಬಿದ್ದರೆ ಕಲ್ಲಿನಂತೆ ಮುಳುಗುತ್ತದೆ, ಅದರ ಬೆಲೆ ಕೇಳಿದರೆ ನೀವೂ ಹಿಂದೆಯೇ ಹಾರುತ್ತೀರಿ. ಡಿಂಗಿಯ ಪ್ರೊಪೆಲ್ಲರ್ ಬಂಡೆಗೆ ತಾಗಿದ್ದರೆ ಮುಚ್ಚಿಡಬೇಡಿ. ಅವರ ಡೈವರ್ ನೀರಿಗಿಳಿದು ದೋಣಿಯ ಅಡಿ ಕೂಡ ನೋಡುತ್ತಾನೆ. ನೀವೇ ಮೊದಲು ಹೇಳಿದರೆ ಮಾತು ಸಲೀಸಾಗಿ ಮುಗಿಯುತ್ತದೆ.

ಕಮೋಡ್‌ನ ಹೊಲಸು ಸೇರುವ ಟ್ಯಾಂಕ್ ಬಗ್ಗೆ ಮೊದಲ ದಿನ ಏನು ಹೇಳಿಕೊಟ್ಟರೋ ಹಾಗೇ ಮಾಡಿ. ಲಂಗರು ಹಾಕಿದ ಕೊಲ್ಲಿಯಲ್ಲಿ, ಬಂದರಿನೊಳಗೆ ಅದನ್ನು ತೆರೆಯುವುದಂತೂ ಬೇಡವೇ ಬೇಡ.

ಬಂದರು ಸೇರುವ ಮುಂಚೆಯೇ ಹಾಯಿ ಇಳಿಸಿ, ದೋಣಿಯ ಬದಿ ಉಜ್ಜದಂತೆ ಫೆಂಡರ್ ಕಟ್ಟಿ, ಹಗ್ಗ ಬಿಡಿಸಿಡಿ, ವಿಎಚ್‌ಎಫ್ ರೇಡಿಯೋದಲ್ಲಿ ಬೇಸ್‌ನವರನ್ನು ಕರೆಯಿರಿ. ಎಷ್ಟೋ ಕಡೆ ಅವರದೇ ಹುಡುಗನೊಬ್ಬ ಬಂದು ದೋಣಿಯನ್ನು ಜೆಟ್ಟಿಗೆ ಹಾಕಿಕೊಡುತ್ತಾನೆ. ನಾವೇ ನಿಲ್ಲಿಸುತ್ತೇವೆ ಅಂತ ಹಟ ಬೇಡ, ಸುಮ್ನೆ ಕೊಟ್ಟುಬಿಡಿ.

ಮಿಕ್ಕ ಅಕ್ಕಿ, ಬೇಳೆ, ಎಣ್ಣೆ, ಒಡೆಯದ ಪ್ಯಾಕೆಟ್‌ಗಳನ್ನು ಬೇಸ್‌ನವರಿಗೆ ಕೇಳಿ ಕೊಟ್ಟುಬಿಡಿ. ಅಮೆರಿಕದ ಮೂಲಕ ವಾಪಸ್ ಹೋಗುವವರು ಹಣ್ಣು, ಮಾಂಸ ಹೊತ್ತುಕೊಂಡು ಅಲ್ಲಿನ ಕಸ್ಟಮ್ಸ್ ಮುಂದೆ ನಿಲ್ಲುವುದು ಬೇಡ. ರಮ್ ಬಾಟಲಿ ಚೆಕ್-ಇನ್ ಬ್ಯಾಗಿನಲ್ಲಿ. ಇನ್ನು ಆ ದೊಡ್ಡ ಗುಲಾಬಿ ಶಂಖ: ದೇವರ ಮನೆಗೆ ಆಗುತ್ತೆ ಅಂತ ಆಸೆ ಪಡುವವರು ಪ್ರತಿ ಗುಂಪಿನಲ್ಲೂ ಇರುತ್ತಾರೆ. ನಮ್ಮ ಪೂಜೆಯ ಶಂಖವೇ ಬೇರೆ ಪ್ರಾಣಿಯದು. ಈ ಕ್ವೀನ್ ಕಾಂಕ್ ಅಪಾಯದಲ್ಲಿರುವ ಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತಾರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿದೆ, ಕಾಗದಪತ್ರ ಇಲ್ಲದೆ ಒಯ್ದು ತಲೆನೋವು ತಂದುಕೊಳ್ಳಬೇಡಿ.

ಹೊರಡಲು ಎರಡು ದಾರಿ. ವಿಮಾನ ನಿಲ್ದಾಣ ಬೀಫ್ ಐಲ್ಯಾಂಡ್‌ನಲ್ಲಿದೆ, ರೋಡ್ ಟೌನ್‌ನಿಂದ ಟ್ಯಾಕ್ಸಿಯಲ್ಲಿ ಸೇತುವೆ ದಾಟಿ ಸುಮಾರು ಅರ್ಧ ಗಂಟೆ. ಇನ್ನೊಂದು ಸೇಂಟ್ ಥಾಮಸ್‌ಗೆ ಫೆರಿ, ಹತ್ತಿರ ಹತ್ತಿರ ಒಂದು ಗಂಟೆ. ಹೊರಡುವ ತೆರಿಗೆಗೆ ಸ್ವಲ್ಪ ನಗದು ಇರಲಿ. ಸೇಂಟ್ ಥಾಮಸ್ ಅಮೆರಿಕದ ನೆಲ, ಹಾಗಾಗಿ ಅಮೆರಿಕದಲ್ಲಿ ಎಚ್-1ಬಿ ಕೆಲಸದ ವೀಸಾ ಮೇಲಿರುವ ನಮ್ಮವರು ಪಾಸ್‌ಪೋರ್ಟಿನ ವೀಸಾ ಸ್ಟ್ಯಾಂಪಿನ ದಿನಾಂಕವನ್ನು ಟಿಕೆಟ್ ತೆಗೆಯುವಾಗಲೇ ನೋಡಿರಬೇಕು. ಅವಧಿ ಮುಗಿದ ಸ್ಟ್ಯಾಂಪ್ ಇಟ್ಟುಕೊಂಡು ಕೆನಡಾ, ಮೆಕ್ಸಿಕೋಗೆ ಹೋಗಿ ಬರುವ ರಿಯಾಯಿತಿ ಈ ದ್ವೀಪಗಳಿಗೆ ಅವರಿಗೆ ಅನ್ವಯಿಸುವುದಿಲ್ಲ.

ಫೆರಿಗೆ ಸಮಯ ಇದ್ದರೆ ರೋಡ್ ಟೌನ್‌ನಲ್ಲೇ ಊಟ ಮಾಡಿ. ವಾರವಿಡೀ ದೋಣಿಯಲ್ಲಿದ್ದವರಿಗೆ ನೆಲ ಇನ್ನೂ ತೂಗುತ್ತಿರುವಂತೆ ಅನ್ನಿಸುತ್ತದೆ, ಕಣ್ಣು ಮುಚ್ಚಿ ಶವರ್ ಕೆಳಗೆ ನಿಂತರಂತೂ ಜಾಸ್ತಿ, ಗೋಡೆ ಹಿಡಿದುಕೊಳ್ಳಿ. ಊಟಕ್ಕೆ ರೋಟಿ ಕೇಳಿ. ಕೂಲಿಗೆಂದು ಭಾರತದಿಂದ ಟ್ರಿನಿಡಾಡ್, ಗಯಾನಾಗೆ ಹೋದವರ ಜೊತೆ ಹೋದ ಅಡುಗೆ ಇದು. ದೊಡ್ಡ ರೋಟಿಯೊಳಗೆ ಪಲ್ಯ ಸುತ್ತಿ ಕೊಡುತ್ತಾರೆ. ಸಸ್ಯಾಹಾರಿಗಳು ಕಡಲೆಕಾಳು, ಆಲೂಗಡ್ಡೆಯದು ಇದೆಯಾ ವಿಚಾರಿಸಿ. ಚಿಕನ್ ತೆಗೆದುಕೊಳ್ಳುವವರು ಮೂಳೆ ಇರುವುದೋ ಇಲ್ಲದ್ದೋ ಅಂತ ಮೊದಲೇ ಕೇಳಿ, ಎಷ್ಟೋ ಕಡೆ ಮೂಳೆ ಸಮೇತವೇ ಸುತ್ತಿರುತ್ತಾರೆ.